ಹದಿನಾಲ್ಕನೆಯ ನಂಬರು

ನೀರು ನೀಲಿಯಾಗುತ್ತಿದೆ, ಬಿಳಿ ಬಟ್ಟೆಗೆ ಹಾಕುವ ನೀಲಿಯಲ್ಲ ಇದು, ಆ ನೀಲಿ ಹಾಕಿದ ಕೂಡಲೇ ಇಡೀ ತೊಟ್ಟಿಗೆ ಹರಡಿಕೊಳ್ಳುತ್ತದೆ, ಇದು ಎಳೆಎಳೆಯಾಗಿ ಮೇಲೇಳುತ್ತಿದೆ, ಒಂದೊಂದು ಎಳೆಯೂ ಯಾವುದೋ ಶನಿವಾರದ ಕೂಲಿ, ಯಾರದೋ ಸಹಿ — ಮುಳುಗು, ಹಾಳಾದ್ದೇ, ಮುಳುಗು ಎಂದು ಅವಳು ಬಟ್ಟೆ ತಿರುವುವ ಕೋಲಿನಿಂದ ಪುಸ್ತಕವನ್ನು ಅದುಮಿದಳು, ಅದು ಗುಳಗುಳ ಗಾಳಿ ಬಿಟ್ಟು ಮತ್ತೆ ಮೇಲೆ ಬಂತು. ಆರು ವರ್ಷದ ಕೂಲಿ ಪುಸ್ತಕ, ದಪ್ಪ ರಟ್ಟು, ಅಷ್ಟು ಸುಲಭಕ್ಕೆ ಸಾಯುವ ಜಾತಿಯಲ್ಲ. ಗಡಿಯಾರದಲ್ಲಿ ಒಂಬತ್ತೂವರೆ, ತೆರಿಗೆ ಆಫೀಸಿನ ಹೆಂಗಸು ಬರುವುದು ಹನ್ನೊಂದಕ್ಕೆ, ಅಷ್ಟರೊಳಗೆ ಇದು ಮುದ್ದೆಯಾಗಬೇಕು, ಲಾಂಡ್ರಿ ಅಂದಮೇಲೆ ನೀರಿಗೆ ಬೀಳೋದು ಇದ್ದದ್ದೇ ಅತ್ತಿಗೆ, ಕೈ ಜಾರಿ ಬಿತ್ತು ಅನ್ನಿ, ಯಾರು ಅನುಮಾನ ಪಡ್ತಾರೆ — ಮೈದುನ ಫೋನಿನಲ್ಲಿ ಎಷ್ಟು ಸಲೀಸಾಗಿ ಹೇಳಿದ, ಅವನಿಗೇನು, ಮೂರು ಬೀದಿ ಆಚೆ ಫ್ಯಾನಿನ ಕೆಳಗೆ ಕೂತು ಹತ್ತು ಅಂಗಡಿಗಳ ಫಾರಂ ತುಂಬುವವನು, ಕೋಲು ಹಿಡಿದು ನಿಂತವಳು ಇವಳು. ಗಂಡನಂತೂ ಬೆಳಿಗ್ಗೆಯೇ ವ್ಯಾನು ತೆಗೆದುಕೊಂಡು ಡೆಲಿವರಿ ಅಂತ ಹೊರಟ, ಸೋಮವಾರ ಡೆಲಿವರಿಯೇ ಇರುವುದಿಲ್ಲ, ಕೇಳಿದರೆ ನೀನೇ ನೋಡ್ಕೋ, ನಿನಗೇ ಚೆನ್ನಾಗಿ ಮಾತಾಡೋಕೆ ಬರೋದು ಎಂದ. ಆಹಾ, ಬರೋದು! ಎದೆಯೊಳಗೆ ಅವಲಕ್ಕಿ ಕುಟ್ಟುತ್ತಿದೆ, ಬಾಯಿ ಒಣಗಿ ನಾಲಿಗೆ ಅಂಗುಳಿಗೆ ಅಂಟಿದೆ, ಇದರಲ್ಲಿ ಚೆನ್ನಾಗಿ ಮಾತಾಡಬೇಕಂತೆ. ಹೋದ ತಿಂಗಳು, ಹೋದ ತಿಂಗಳು, ಹೋದ ತಿಂಗಳು — ಹೇಳಬೇಕಾದದ್ದು ಅಷ್ಟೇ, ಎರಡು ಶಬ್ದ, ಮಗುವೂ ಹೇಳಬಹುದು.

ತಾನು ಕಳ್ಳಿಯಲ್ಲ, ಅದನ್ನು ಯಾರ ಮುಂದೆ ಬೇಕಾದರೂ ಎದೆ ತಟ್ಟಿ ಹೇಳುತ್ತಾಳೆ. ಮೂರು ತಿಂಗಳಿಗೊಮ್ಮೆ ಫಾರಂ, ಎಂಟು ಜನರ ಸಂಬಳ, ಪ್ರತಿಯೊಬ್ಬರ ಸಂಬಳದಿಂದ ಹಿಡಿದ ರಾಜ್ಯದ ತೆರಿಗೆ ಒಂದು ಸಾಲು, ಅದರ ಪಕ್ಕ ಅಂಗಡಿಯ ಕೈಯಿಂದ ಕಟ್ಟುವ ಪಾಲು ಇನ್ನೊಂದು ಸಾಲು, ಕೆಲಸ ಹೋದವರಿಗೆ, ಕೈಕಾಲಿಗೆ ಪೆಟ್ಟಾದವರಿಗೆ ಕೊಡುವ ನಿಧಿಗಂತ — ಒಂದು ದಿನ ತಡ ಮಾಡಿದವಳಲ್ಲ. ಎದುರಿನ ಚಪ್ಪಲಿ ಅಂಗಡಿಯವನು ಪ್ರತಿ ಸಲ ದಂಡ ಕಟ್ಟಿ ಪ್ರತಿ ಸಲ ಹಲ್ಲು ಕಿರಿಯುತ್ತಾನೆ, ಅವನ ಹತ್ತಿರ ಯಾವ ಆಫೀಸೂ ಬರುವುದಿಲ್ಲ, ಇವಳ ಬಾಗಿಲಿಗೇ ಬರಬೇಕು. ವರ್ಷದ ಮೊದಲ ತಿಂಗಳಲ್ಲಿ ದರದ ಕಾಗದ ಬರುತ್ತದೆ, ನಿಮ್ಮಲ್ಲಿಂದ ಹೋದ ನೌಕರರು ನಿಧಿಯಿಂದ ಎಷ್ಟು ಕಡಿಮೆ ತೆಗೆದುಕೊಂಡರೆ ನಿಮ್ಮ ಪಾಲಿನ ದರ ಅಷ್ಟು ಕಡಿಮೆ, ಮತ್ತು ಈ ಬೀದಿಯಲ್ಲೆಲ್ಲ ಇವಳದೇ ಕಡಿಮೆ ದರ, ನಿಮ್ಮ ಅಂಗಡಿಯಿಂದ ಇಷ್ಟು ವರ್ಷದಲ್ಲಿ ಒಬ್ಬರೂ ಹೋಗಿ ಕೈ ಚಾಚಿಲ್ಲ ಅತ್ತಿಗೆ, ಬಂಗಾರದಂಥ ಅಂಗಡಿ ಎಂದು ಮೈದುನ ಹೊಗಳಿದಾಗ ಅವಳು ಹಿಗ್ಗಿ ಆ ಕಾಗದಕ್ಕೆ ಚೌಕಟ್ಟು ಹಾಕಿಸಿ ಗಲ್ಲಾದ ಮೇಲೆ ತೂಗುಹಾಕಿದಳು, ಈಗ ಆ ಕಡೆ ತಲೆ ಎತ್ತುವುದಿಲ್ಲ. ಶುಕ್ರವಾರ ಬಂದ ಕಾಗದದಲ್ಲಿ ಹೊಗಳಿಕೆ ಇರಲಿಲ್ಲ. ಸೋಮವಾರ ಹನ್ನೊಂದು ಗಂಟೆಗೆ ನಮ್ಮ ಅಧಿಕಾರಿ ಬರುತ್ತಾರೆ, ಆರು ವರ್ಷದ ಕೂಲಿ ದಾಖಲೆ ಇಟ್ಟುಕೊಂಡಿರಿ, ನಿಮ್ಮ ಪಟ್ಟಿಯ ಹದಿನಾಲ್ಕನೆಯ ನಂಬರಿನ ನೌಕರರು ಖುದ್ದಾಗಿ ಹಾಜರಿರಬೇಕು. ಖುದ್ದಾಗಿ ಎಂಬ ಶಬ್ದದ ಕೆಳಗೆ ಯಾರೋ ಗೆರೆ ಎಳೆದಿದ್ದರು, ಪೆನ್ನಿನಲ್ಲಿ, ಒತ್ತಿ.

ಹದಿನಾಲ್ಕನೆಯ ನಂಬರು ಅಲ್ಲೇ ಕೂತಿದೆ, ಇಸ್ತ್ರಿ ಮೇಜಿನ ಪಕ್ಕದ ಸ್ಟೂಲಿನ ಮೇಲೆ, ಬಲಗೈಗೆ ಮೊಣಕೈವರೆಗೆ ಬ್ಯಾಂಡೇಜು ಸುತ್ತಿಕೊಂಡು. ಇಪ್ಪತ್ತೆರಡು ದಿನವಾಯಿತು, ಹಬೆಯ ಇಸ್ತ್ರಿಯ ಮೇಲ್ಹಲಗೆ ಕೈಮೇಲೆ ಕೂತು. ಆ ದಿನ ಇಸ್ತ್ರಿಯವಳು ಕಿರುಚಲೂ ಇಲ್ಲ, ಅಕ್ಕಾ, ಇದನ್ನ ಸ್ವಲ್ಪ ಎತ್ತಿ ಎಂದಳು, ಅಷ್ಟೇ, ಯಾರೋ ಭಾರದ ಚೀಲ ಎತ್ತಲು ಕರೆದ ಹಾಗೆ. ಗುರುವಾರ ಆಪರೇಷನ್ನು, ತೊಡೆಯ ಚರ್ಮ ತೆಗೆದು ಕೈಗೆ ಹಾಕುತ್ತಾರಂತೆ, ಗುರುವಾರ ತಪ್ಪಿದರೆ ಬೆರಳು ಹೀಗೇ ಮಡಚಿಕೊಂಡು ನಿಂತುಬಿಡುತ್ತವೆ, ಆಮೇಲೆ ಹಾಕಿದರೂ ಒಂದೇ ಬಿಟ್ಟರೂ ಒಂದೇ ಎಂದು ಡಾಕ್ಟರು ಹೇಳಿದ್ದಾರೆ, ದುಡ್ಡು ನಿಧಿಯಿಂದ ಬರಬೇಕು, ಅದಕ್ಕೇ ತಾನೇ ನಿಧಿ ಇರುವುದು, ಆರು ವರ್ಷದಿಂದ ಅವಳ ಸಂಬಳದ ಮೇಲೆ ಲೆಕ್ಕ ಹಾಕಿ ಹಾಕಿ ಕಟ್ಟಿದ್ದು ಅದಕ್ಕೇ ತಾನೇ. ಹೋದಳು, ಬ್ಯಾಂಡೇಜು ಕೈ ಎತ್ತಿಕೊಂಡು ಎರಡು ಬಸ್ಸು ಬದಲಾಯಿಸಿ ಆಫೀಸಿಗೆ ಹೋದಳು, ಸಂಜೆ ವಾಪಸು ಬಂದು ಬಾಗಿಲಲ್ಲೇ ನಿಂತು, ಅಕ್ಕಾ, ನಾನು ಅಲ್ಲಿ ಇಲ್ಲವಂತೆ ಎಂದಳು. ಇಲ್ಲ ಅಂದ್ರೆ? ಇಲ್ಲವಂತೆ ಅಕ್ಕ, ಕಂಪ್ಯೂಟರಲ್ಲಿ ನೋಡಿದ್ರು, ಈ ಅಂಗಡೀಲಿ ಇಸ್ತ್ರಿ ಮಾಡೋದು ಒಬ್ಬ ಗಂಡಸು, ವಯಸ್ಸು ಎಪ್ಪತ್ತೆರಡು ಅಂದ್ರು, ನಾನು ಕೈ ತೋರಿಸ್ದೆ, ಅವರು ಕೈಯನ್ನೇ ನೋಡ್ಲಿಲ್ಲ, ಪರದೇನೇ ನೋಡ್ತಿದ್ರು.

ನಂಬರು. ಇದೆಲ್ಲ ಶುರುವಾದದ್ದು ನಂಬರಿನಿಂದ, ಅಲ್ಲ, ಅತ್ತೆಯಿಂದ, ಸತ್ತವರ ಮೇಲೆ ಹೇಳಬಾರದು, ಆದರೂ ಅತ್ತೆಯಿಂದಲೇ. ಬಟ್ಟೆ ಹೋಗುತ್ತೆ, ನಂಬರು ಉಳಿಯುತ್ತೆ ಕಣೇ — ಈ ಅಂಗಡಿ ಕಟ್ಟಿದ ಹೆಂಗಸಿನ ವೇದವಾಕ್ಯ ಅದು. ಗಿರಾಕಿಯ ಗಂಟಿಗೆ ಒಂದು ಬಟ್ಟೆಯ ಚೀಟಿ ಪಿನ್ನು ಮಾಡು, ಗಂಟು ಹೋದ ಮೇಲೆ ಚೀಟಿ ಮೊಳೆಗೆ ವಾಪಸು ಬರಲಿ, ಮಾರನೆಯ ದಿನ ಅದೇ ಚೀಟಿ ಇನ್ನೊಬ್ಬರ ಗಂಟಿಗೆ, ಹೊಸ ನಂಬರು ಬರೆಯುತ್ತಾ ಹೋದರೆ ಮೂರು ವರ್ಷಕ್ಕೆ ಅಂಗಡಿಯೇ ನಂಬರಾಗುತ್ತೆ. ಚೀಟಿಗೆ ಹೇಗೋ ಹಾಗೇ ಜನಕ್ಕೂ, ಬಟ್ಟೆ ಒಗೆಯುವವಳ ಮೊಳೆ ಎಂಟು, ಅವಳು ಹೋದರೆ ಅವಳ ಏಪ್ರನ್ನು ಅದೇ ಮೊಳೆಯಲ್ಲಿ ಕಾಯುತ್ತದೆ, ಬಂದವಳು ಹಾಕಿಕೊಳ್ಳುತ್ತಾಳೆ. ಇಸ್ತ್ರಿಯವರ ಮೊಳೆ ಹದಿನಾಲ್ಕು. ಆರು ವರ್ಷದ ಹಿಂದೆ ಈ ಹುಡುಗಿ ಕೆಲಸ ಕೇಳಿಕೊಂಡು ಬಂದಾಗ ಮೊಳೆ ಖಾಲಿ ಇತ್ತು, ಏಪ್ರನ್ನು ಸ್ವಲ್ಪ ಉದ್ದವಾಯಿತು, ಕೆಳಗೆ ಮಡಚಿ ಹೊಲಿದಳು. ಮೂರು ತಿಂಗಳ ಫಾರಂ ಬಂತು, ಹೊಸಬರಿಗೆ ರಾಜ್ಯದ ನಂಬರು ಬೇಕಂದ್ರೆ ಹುಟ್ಟಿದ ದಾಖಲೆ ಬೇಕು ಅತ್ತಿಗೆ ಎಂದ ಮೈದುನ, ಹುಟ್ಟಿದ್ದೀನಲ್ಲ ಅಕ್ಕ, ಇನ್ನೇನು ದಾಖಲೆ ಎಂದಳು ಹುಡುಗಿ, ಮೂವರೂ ನಕ್ಕರು, ಮತ್ತೆ ಅವಳು, ತಾನೇ, ಬಾಯಿಂದ ಉದುರಿಸಿದ್ದು — ಹದಿನಾಲ್ಕು ಖಾಲಿ ಇದೆಯಲ್ಲಪ್ಪ, ಸದ್ಯಕ್ಕೆ ಅದರಲ್ಲೇ ಹಾಕು, ದಾಖಲೆ ಬಂದಮೇಲೆ ನೋಡೋಣ. ಬರಲಿಲ್ಲ ದಾಖಲೆ, ನೋಡಲೂ ಇಲ್ಲ. ಹಳೆಯ ಹೆಸರು, ಹಳೆಯ ನಂಬರು, ಅದರ ಮುಂದೆ ಹೊಸಬಳ ಸಂಬಳ, ಪ್ರತಿ ಮೂರು ತಿಂಗಳಿಗೆ ಹಿಂದಿನ ಫಾರಂ ನೋಡಿಕೊಂಡು ಮುಂದಿನ ಫಾರಂ, ಸದ್ಯಕ್ಕೆ ಎಂಬುದಕ್ಕೆ ಆರು ವರ್ಷ ವಯಸ್ಸಾಯಿತು. ದುಡ್ಡು ಕಟ್ಟಿದ್ದಾಳಲ್ಲ, ಬಿಡಿಗಾಸೂ ಬಿಡದೆ ಕಟ್ಟಿದ್ದಾಳೆ, ರಾಜ್ಯಕ್ಕೆ ದುಡ್ಡು ಮುಖ್ಯವೋ ಹೆಸರು ಮುಖ್ಯವೋ ಎಂದು ಅವಳು ತೊಟ್ಟಿಯ ಕಡೆ ಗದರಿದಳು, ಪುಸ್ತಕ ಉಬ್ಬಿ ಬಾಯಿ ಬಿಟ್ಟುಕೊಂಡು ತೇಲುತ್ತಿತ್ತು.

ಹಳೆಯ ಹೆಸರು ಅಂದರೆ ಇಸ್ತ್ರಿ ಮಾವನ ಹೆಸರು, ಬೇಡ, ಮಾವನನ್ನು ಈಗ ನೆನೆಯುವುದು ಬೇಡ, ಹತ್ತು ಗಂಟೆಯಾಯಿತು, ಬೇರೇನಾದರೂ ಯೋಚಿಸಬೇಕು, ಸೋಪಿನ ಪುಡಿ ಮುಗಿದಿದೆ, ಹೋಟೆಲಿನವರ ಮೇಜಿನ ಬಟ್ಟೆ ನಾಳೆಗೆ ಕೊಡಬೇಕು — ನಂಟಿನ ಮಾವನಲ್ಲ, ಮೂವತ್ತೊಂದು ವರ್ಷ ಆ ಇಸ್ತ್ರಿ ಮೇಜಿನ ಹಿಂದೆ ನಿಂತ ಮನುಷ್ಯ, ಅತ್ತೆಯನ್ನು ದೊಡ್ಡಮ್ಮ ಎಂದು, ಇವಳು ಮದುವೆಯಾಗಿ ಬಂದ ದಿನದಿಂದ ಸಣ್ಣಮ್ಮ ಎಂದು ಕರೆದವನು, ಇವಳಿಗೆ ಕಾಲರು ಮಡಚುವುದು ಕಲಿಸಿದವನು, ಮೂಗು ಒರೆಸಿಕೊಂಡು ಬಂದಿದ್ದ ಹುಡುಗೀನ ಓನರ್ ಮಾಡಿದ್ದು ನಾನು ಎಂದು ಎಲ್ಲರ ಮುಂದೆ ರೇಗಿಸುವವನು. ಕಣ್ಣು ಮಂಜಾಯಿತು ಮಾವನಿಗೆ, ಒಂದೇ ವಾರದಲ್ಲಿ ಮೂರು ಕಾಲರು ಸುಟ್ಟವು, ಮೂರನೆಯದು ವಕೀಲರದು. ಸಾಕು ಮಾವ, ಇಷ್ಟು ವರ್ಷ ದುಡಿದ್ರಿ, ಇನ್ನು ಆರಾಮಾಗಿರಿ ಎಂದಳು ಅವಳು, ಎಷ್ಟು ಮೃದುವಾಗಿ ಹೇಳಿದಳು, ತಾನು ಹೇಳಿದ ರೀತಿಗೆ ತಾನೇ ಮೆಚ್ಚಿಕೊಂಡಿದ್ದಳು, ಆರಾಮಾಗಿರಿ ಎಂದರೆ ಹೋಗಿರಿ ಎಂದು ಮಾವನಿಗೆ ಅರ್ಥವಾಗದೇ ಇರುತ್ತದೆಯೇ, ಏಪ್ರನ್ನು ಬಿಚ್ಚಿ ನಾಲ್ಕು ಮಡಿಕೆ ಮಾಡಿ ಹದಿನಾಲ್ಕನೆಯ ಮೊಳೆಗೆ ಹಾಕಿ ಹೋದರು. ಕೆಲಸ ಹೋದವರ ನಿಧಿ ಇದೆ ಮಾವ, ಅಲ್ಲಿ ಅರ್ಜಿ ಹಾಕಿ, ವಯಸ್ಸಾದವರಿಗೆ ಕೊನೇವರೆಗೂ ತಿಂಗಳು ತಿಂಗಳು ಕೊಡ್ತಾರೆ ಎಂದು ಅವಳೇ ಹೇಳಿಕೊಟ್ಟಳು. ಅವಳೇ. ಅದನ್ನು ನೆನೆದರೆ ಕೈಯಲ್ಲಿನ ಕೋಲು ಬೆವರುತ್ತದೆ.

ಆಮೇಲೆ ಮಾವ ಬಂದದ್ದು ಚಳಿಗಾಲದ ಒಂದು ಮಧ್ಯಾಹ್ನ, ಮದುವೆ ಸೀಸನ್ನು, ಕೌಂಟರಿನ ಮುಂದೆ ಏಳೆಂಟು ಜನ, ಮಾವ ಸಾಲಿನಲ್ಲಿ ನಿಂತು ಬಂದರು, ನೋಡಿ, ಮೂವತ್ತೊಂದು ವರ್ಷ ಕೌಂಟರಿನ ಒಳಗಿದ್ದವರು ಸಾಲಿನಲ್ಲಿ ನಿಂತು ಬಂದರು, ಒಂದು ಕಾಗದ ತೆಗೆದು ಕೌಂಟರಿನ ಮೇಲಿಟ್ಟರು, ಎಂಟು ಮಡಿಕೆ ಮಾಡಿದ ಕಾಗದ, ಅದರ ಮೇಲೆ ಅಂಗೈ ಇಟ್ಟು ಸವರಿದರು, ಎಡದಿಂದ ಬಲಕ್ಕೆ, ಒಂದು ಸುಕ್ಕೂ ಉಳಿಯಬಾರದು ಎಂಬಂತೆ, ಸಣ್ಣಮ್ಮ, ನಾನು ಇನ್ನೂ ಇಲ್ಲೇ ಕೆಲಸ ಮಾಡ್ತಿದೀನಂತೆ, ಆಫೀಸಿನವರು ಹೇಳ್ತಾರೆ ಎಂದರು. ಅವಳು ನಕ್ಕಳು. ಅಯ್ಯೋ ದೇವರೇ, ನಕ್ಕಳು, ಸರಿಯಾಗೇ ಹೇಳಿದ್ದಾರೆ ಮಾವ, ನೀವಿಲ್ಲದೆ ಈ ಅಂಗಡಿ ನಡೆಯುತ್ತಾ ಎಂದಳು, ಸಾಲಿನಲ್ಲಿದ್ದವರೂ ನಕ್ಕರು, ಮಾವನೂ ನಕ್ಕರು, ಏನು ಮಾಡುತ್ತಾರೆ ಪಾಪ, ಎಲ್ಲರೂ ನಗುವಾಗ ನಗಬೇಕಲ್ಲ, ಕೈ ಮಾತ್ರ ಕಾಗದದ ಮೇಲೆ ಓಡಾಡುತ್ತಲೇ ಇತ್ತು, ಎಡದಿಂದ ಬಲಕ್ಕೆ. ಸೋಮವಾರ ಬನ್ನಿ ಮಾವ, ಕೂತು ಮಾತಾಡೋಣ, ಈಗ ಉಸಿರಾಡೋಕೆ ಪುರುಸೊತ್ತಿಲ್ಲ ಎಂದಳು. ಸೋಮವಾರ ಬಂದರು, ಅವಳು ಹಿಂದಿನ ಕೋಣೆಯಲ್ಲಿ ಕೆಟ್ಟ ಮೆಷೀನಿನ ಮೆಕ್ಯಾನಿಕ್ಕಿನ ಜೊತೆ ಜಗಳಕ್ಕೆ ನಿಂತಿದ್ದಳು, ಮಾವ ಬಂದಿದ್ದರು ಅಕ್ಕ, ಕಾದು ಹೋದರು ಎಂದು ಯಾರೋ ಹೇಳಿದರು, ಬರ್ತಾರೆ ಬಿಡು, ಎಲ್ಲಿ ಹೋಗ್ತಾರೆ ಎಂದಳು. ಬರಲಿಲ್ಲ. ಎಲ್ಲಿ ಹೋದರು ಎಂದು ಅವಳೂ ಕೇಳಲಿಲ್ಲ, ಒಂದು ವರ್ಷ ಕೇಳದೇ ಇದ್ದಮೇಲೆ ಎರಡನೆಯ ವರ್ಷ ಕೇಳಲು ನಾಚಿಕೆ, ಮೂರನೆಯ ವರ್ಷ ನೆನಪೇ ಇಲ್ಲ.

ಮೊನ್ನೆ ಶುಕ್ರವಾರದವರೆಗೂ ನೆನಪಿರಲಿಲ್ಲ. ಶುಕ್ರವಾರ ಕಾಗದ ಓದಿದ ಮೇಲೆ ಹಳೆಯ ಫೈಲು ಹರಡಿಕೊಂಡು ಕೂತಳು, ಅದರಲ್ಲಿ ಸಿಕ್ಕಿತು, ಆರು ವರ್ಷದ ಹಿಂದಿನ ಚೀಟಿಯ ನಕಲು, ತೆಳು ಹಳದಿ ಕಾಗದ, ಹದಿನಾಲ್ಕನೆಯ ನಂಬರಿನ ನೌಕರರು ತಮಗೆ ಕೆಲಸ ಹೋಗಿದೆ ಎಂದು ನಿಧಿಗೆ ಅರ್ಜಿ ಹಾಕಿದ್ದಾರೆ, ಮಾಲೀಕರು ಹತ್ತು ದಿನದೊಳಗೆ ತಿಳಿಸಿ, ಈ ನಂಬರಿನ ನೌಕರರು ಈಗಲೂ ಕೆಲಸದಲ್ಲಿ ಇದ್ದಾರೆ, ಒಂದು ಚೌಕ, ಇಲ್ಲ, ಇನ್ನೊಂದು ಚೌಕ. ಇದ್ದಾರೆ ಎಂಬ ಚೌಕದಲ್ಲಿ ಟಿಕ್ಕು, ಕೆಳಗೆ ಅವಳ ಸಹಿ, ಬಾಲ ಸಮೇತ. ಮೈದುನ ಹದಿನೈದು ಕಾಗದ ಒಟ್ಟಿಗೆ ತಂದಿದ್ದ, ಇಲ್ಲೊಂದು ಟಿಕ್ಕು ಅತ್ತಿಗೆ, ಇಲ್ಲೊಂದು ಸೈನು, ಇದರಲ್ಲಿ ಹದಿನಾಲ್ಕು ಕೆಲಸದಲ್ಲಿದೆಯಾ ಅಂತ ಕೇಳಿದ್ದಾರೆ, ಇದೆಯಲ್ಲಪ್ಪ, ನೋಡು, ಅಲ್ಲಿ ಅಂಗಿ ಉಜ್ಜುತ್ತಾ ನಿಂತಿದೆ ಎಂದು ಅವಳು ಹುಡುಗಿಯ ಕಡೆ ಬೆರಳು ತೋರಿಸಿ ಟಿಕ್ಕು ಹಾಕಿದಳು, ಸುಳ್ಳಲ್ಲ, ಆಗ ಅದು ಸುಳ್ಳೆಂದು ಅನಿಸಲೇ ಇಲ್ಲ, ಮೊಳೆಯಲ್ಲಿ ಏಪ್ರನ್ನು ಇಲ್ಲ ಅಂದರೆ ಹದಿನಾಲ್ಕು ಕೆಲಸದಲ್ಲಿದೆ, ಈ ಅಂಗಡಿಯಲ್ಲಿ ಲೆಕ್ಕ ಹಾಗೇ. ಒಬ್ಬರೂ ಹೋಗಿ ಕೈ ಚಾಚಿಲ್ಲ ಎಂದರೆ ಇದು, ಬಂಗಾರದಂಥ ಅಂಗಡಿ ಎಂದರೆ ಇದು, ಒಬ್ಬ ಮುದುಕ ಕೈ ಚಾಚಿದ್ದ, ಆ ಕೈಯನ್ನು ಇವಳು ಟಿಕ್ಕಿನಿಂದ ತಳ್ಳಿದ್ದಳು. ಫೈಲು ಮುಚ್ಚಿ ಮೂರು ದಿನವಾಯಿತು, ಊಟ ಇಳಿದಿಲ್ಲ, ಕಣ್ಣು ಮುಚ್ಚಿದರೆ ಟಿಕ್ಕು ಕಾಣುವುದಿಲ್ಲ, ಸಹಿ ಕಾಣುವುದಿಲ್ಲ, ಆ ಅಂಗೈ, ಎಡದಿಂದ ಬಲಕ್ಕೆ.

ನಿಜ ಹೇಳಿಬಿಟ್ಟರೆ? ಹೇಳಿ, ಆಮೇಲೆ ಅನುಭವಿಸಿ ಎಂದ ಮೈದುನ, ಆರು ವರ್ಷದ ಇಪ್ಪತ್ತನಾಲ್ಕು ಫಾರಂ ಸುಳ್ಳು ಅಂದಹಾಗೆ, ವಿಚಾರಣೆ ಶುರುವಾದರೆ ಎಂಟು ತಿಂಗಳು, ಅಲ್ಲೀವರೆಗೂ ಹದಿನಾಲ್ಕನೇ ನಂಬರಿಗೆ ಬೀಗ, ನಿಮ್ಮ ಇಸ್ತ್ರಿಯವಳಿಗೆ ನಂಬರಿಲ್ಲ, ದುಡ್ಡಿಲ್ಲ, ಗುರುವಾರವಿಲ್ಲ, ಅಂಗಡಿ ಉಳಿದರೆ ನಿಮ್ಮ ಪುಣ್ಯ. ಅದೇ ಹೀಗೆ ಹೇಳಿ ನೋಡಿ — ಮುದುಕ ಹೋದ ತಿಂಗಳವರೆಗೂ ಇಲ್ಲೇ ಇದ್ದ, ಹೋದ ತಿಂಗಳು ಬಿಟ್ಟ, ಅದೇ ವಾರ ಇವಳು ಸೇರಿದಳು, ಸೇರಿದ ವಾರವೇ ಕೈ ಸುಟ್ಟಿತು, ಹೆಸರು ಬದಲಾಯಿಸೋದು ತಡವಾಯ್ತು ಅಷ್ಟೇ, ಇವಳ ಆರು ವರ್ಷದ ಸಹಿ ಇರೋ ಪುಸ್ತಕ ಮಾತ್ರ ಇರಬಾರದು. ಒಂದು ಫಾರಂ, ಒಂದು ಸಣ್ಣ ದಂಡ, ಗುರುವಾರದೊಳಗೆ ಅವಳ ದುಡ್ಡು. ಮುದುಕನಿಗೂ ಹೋದ ತಿಂಗಳಿಂದ ಸಿಗುತ್ತೆ ಬಿಡಿ, ಯಾರಿಗೆ ನಷ್ಟ? ಯಾರಿಗೂ ಇಲ್ಲ, ಅವಳು ಮೂರು ರಾತ್ರಿ ಅದನ್ನೇ ಗುಣಿಸಿದಳು, ಯಾರಿಗೂ ಇಲ್ಲ, ಒಬ್ಬಳ ಕೈ ಉಳಿಯುತ್ತದೆ, ಎಂಟು ಮನೆಯ ಒಲೆ ಉಳಿಯುತ್ತದೆ, ಮಾವ ಎಲ್ಲಿದ್ದಾರೋ ಇದ್ದಾರೋ ಇಲ್ಲವೋ — ಥೂ, ಎಂಥ ಮಾತು ಬಾಯಿಗೆ ಬರುತ್ತದೆ. ಇಸ್ತ್ರಿಯವಳು ಸ್ಟೂಲಿನಿಂದ ಎದ್ದು ಬಂದು ತೊಟ್ಟಿಗೆ ಇಣುಕಿದಳು, ನೀಲಿ ನೀರು ನೋಡಿದಳು. ಹೋದ ತಿಂಗಳು ಸೇರಿದೆ ಅನ್ನಬೇಕಾ ಅಕ್ಕ ಎಂದಳು. ಹೂಂ ತಂಗಿ. ಅವಳು ಎಡಗೈಯ ತೋಳು ಮೇಲೆತ್ತಿದಳು, ಮಣಿಕಟ್ಟಿನಿಂದ ಮೊಣಕೈವರೆಗೆ ಇಸ್ತ್ರಿ ತಾಗಿದ ಸಣ್ಣಸಣ್ಣ ಗೆರೆಗಳು, ಕೆಲವು ಬೆಳ್ಳಗೆ ಹಳತಾಗಿವೆ, ಕೆಲವು ಕಂದು, ಮತ್ತೆ ಇದನ್ನ ಎಲ್ಲಿ ಮುಚ್ಚಿಡಲಿ, ಆರು ವರ್ಷದ್ದು ಇಲ್ಲೇ ಬರೆದಿದೆಯಲ್ಲ ಎಂದು ನಕ್ಕಳು. ತೋಳು ಇಳಿಸ್ಕೋ, ಯಾರು ನೋಡ್ತಾರೆ ಎಂದು ಅವಳು ಪುಸ್ತಕವನ್ನು ಮತ್ತೊಮ್ಮೆ ಅದುಮಿದಳು.

ಹನ್ನೊಂದಕ್ಕೆ ಐದು ನಿಮಿಷ ಇರುವಾಗಲೇ ಬಂದಳು ಆಫೀಸಿನ ಹೆಂಗಸು, ಎಲ್ಲರೂ ತಡವಾಗಿ ಬರುವ ಲೋಕದಲ್ಲಿ ಇವಳೊಬ್ಬಳು, ಸಣ್ಣ ಆಳು, ಸವೆದ ಚಪ್ಪಲಿ, ತೋಳಿನ ಕೆಳಗೆ ಫೈಲು, ಇವಳ ಮಗಳ ವಯಸ್ಸಿರಬಹುದು, ಇಷ್ಟಕ್ಕೇ ಮೂರು ದಿನ ನಡುಗಿದೆನೇ ಎನ್ನಿಸಿತು ಒಂದು ಗಳಿಗೆ. ಕೂತ್ಕೊಳ್ಳಿ ಮೇಡಂ, ಟೀ ತರಿಸ್ಲಾ? ಬೇಡ. ಕೂಲಿ ಪುಸ್ತಕ? ಅಯ್ಯೋ ಅದೇ ಹೇಳೋಣ ಅಂತ, ಬೆಳಿಗ್ಗೆ ಕೈ ಜಾರಿ ತೊಟ್ಟಿಗೆ — ಹೆಂಗಸು ಎದ್ದು ಹೋಗಿ ತೊಟ್ಟಿಯೊಳಗೆ ನೋಡಿದಳು, ಬಹಳ ಹೊತ್ತು ನೋಡಿದಳು, ಆಮೇಲೆ ಮೂಲೆಗಿಟ್ಟಿದ್ದ ಕೋಲನ್ನು ನೋಡಿದಳು, ಕೋಲಿನ ತುದಿ ನೀಲಿಯಾಗಿತ್ತು. ಲಾಂಡ್ರಿ ಅಂದಮೇಲೆ ನೀರಿಗೆ ಬೀಳೋದು ಇದ್ದದ್ದೇ ಎಂದಳು, ಮೈದುನನ ಮಾತೇ, ಶಬ್ದ ಬದಲಾಗದೆ, ಇವಳ ಬೆನ್ನಿಗೆ ಯಾರೋ ತಣ್ಣೀರು ಸುರಿದ ಹಾಗಾಯಿತು. ಫೈಲು ಬಿಚ್ಚಿದಳು, ನೋಡಿ ಅಮ್ಮಾ, ಒಂದೇ ನಂಬರಿಗೆ ಇಬ್ಬರು ಬಂದಿದಾರೆ, ಇವರು ಬಂದು ನನ್ನ ಕೈ ಸುಟ್ಟಿದೆ ಅಂತಾರೆ, ಇನ್ನೊಬ್ಬರು ಆರು ವರ್ಷದಿಂದ ಮೂರು ಅರ್ಜಿ ಹಾಕಿದಾರೆ, ಆಗಲೇ ಕೆಲಸ ಬಿಡಿಸಿದ್ರು ಅಂತ, ಮೂರನ್ನೂ ನಾವು ತಿರಸ್ಕರಿಸಿದೀವಿ, ಯಾಕಂದ್ರೆ ನೀವು ಇದ್ದಾರೆ ಅಂತ ಬರೆದುಕೊಟ್ಟಿದೀರಿ, ಅದಕ್ಕೇ ಕೇಳ್ತಿದೀನಿ, ಒಂದೇ ಪ್ರಶ್ನೆ, ಅವರು ಇಲ್ಲಿ ಕೆಲಸ ಬಿಟ್ಟಿದ್ದು ಯಾವಾಗ? ಇಸ್ತ್ರಿಯವಳು ಬ್ಯಾಂಡೇಜು ಕೈಯನ್ನು ಮಡಿಲಲ್ಲಿ ಮಗುವಿನಂತೆ ಇಟ್ಟುಕೊಂಡು ಕೂತಿದ್ದಾಳೆ, ಬೆರಳ ತುದಿಗಳು ಮಾತ್ರ ಹೊರಗೆ, ಊದಿವೆ, ಗುರುವಾರಕ್ಕೆ ಮೂರೇ ದಿನ, ಹಿಂದೆ ಮೆಷೀನು ತಿರುಗುತ್ತಿದೆ, ಒಗೆಯುವವಳು ನೀರಿನ ನಲ್ಲಿ ನಿಲ್ಲಿಸಿ ಕಿವಿಗೊಟ್ಟಿದ್ದಾಳೆ, ಹೇಳು, ಮಗುವೂ ಹೇಳಬಹುದು, ಹೇಳು — ಹೋದ ತಿಂಗಳು ಮೇಡಂ. ಹೇಳಿಬಿಟ್ಟಳು. ಎಷ್ಟು ಸಲೀಸಾಗಿ ಬಂತು. ಹೋದ ತಿಂಗಳವರೆಗೂ ಇಲ್ಲೇ ಇದ್ದರು, ಕಣ್ಣು ಕಾಣ್ತಿರಲಿಲ್ಲ, ಅದಕ್ಕೆ ಬಿಟ್ಟರು, ಇವಳು ಅದೇ ವಾರ ಸೇರಿದ್ದು.

ಹೆಂಗಸು ಬರೆದುಕೊಂಡಳು, ತಲೆ ಎತ್ತದೆ, ಹಾಗಾದ್ರೆ ಅವರು ಮೂರು ಸಲ ಸುಳ್ಳು ಅರ್ಜಿ ಹಾಕಿದ ಹಾಗಾಯ್ತು ಎಂದಳು, ಕೆಲಸದಲ್ಲಿದ್ದುಕೊಂಡು ಇಲ್ಲ ಅಂತ ಹೇಳಿದವರಿಗೆ ನಿಧಿ ಮುಂದಕ್ಕೂ ಸಿಗಲ್ಲ, ನಿಯಮ ಇದೆ, ನಿಮಗೆ ಗೊತ್ತಿರುತ್ತೆ. ಗೊತ್ತಿರಲಿಲ್ಲ. ಮೈದುನ ಹೇಳಿರಲಿಲ್ಲ, ಅವನಿಗೂ ಗೊತ್ತಿತ್ತೋ ಇಲ್ಲವೋ, ಯಾರಿಗೂ ನಷ್ಟವಿಲ್ಲ ಎಂದಿದ್ದನಲ್ಲ, ಮೇಡಂ ಒಂದ್ನಿಮಿಷ ಎನ್ನಲು ಬಾಯಿ ತೆರೆದಳು, ಅಷ್ಟರಲ್ಲಿ ಹೆಂಗಸು ಪೆನ್ನಿನ ಮುಚ್ಚಳ ಹಾಕಿ, ಪರವಾಗಿಲ್ಲ, ಅವರನ್ನೂ ಒಂದು ಮಾತು ಕೇಳಿಬಿಡೋಣ, ನಾನೇ ಕರ್ಕೊಂಡು ಬಂದಿದೀನಿ, ಹೊರಗೆ ಬೆಂಚಿನ ಮೇಲೆ ಕೂತಿದಾರೆ ಎಂದಳು, ಮತ್ತೆ ಬಾಗಿಲ ಕಡೆ ತಿರುಗಿ, ಅಜ್ಜಾ, ಬನ್ನಿ ಒಳಗೆ ಎಂದು ಕೂಗಿದಳು. ಬಂದರು. ಮಾವ ಬಂದರು, ಒಂದು ಕೈ ಗೋಡೆಗೆ, ಒಂದು ಕೈ ಮುಂದಕ್ಕೆ, ಕಣ್ಣಿನಲ್ಲಿ ಹಾಲಿನಂಥ ಪೊರೆ, ಅರ್ಧ ದೇಹವಾಗಿದ್ದಾರೆ, ಅಂಗಿಯ ಕಾಲರು ಮಾತ್ರ ಗರಿಗರಿ, ಯಾವ ಇಸ್ತ್ರಿಯಲ್ಲಿ ಮಾಡಿಕೊಂಡರೋ, ಎಲ್ಲಿ ಮಾಡಿಕೊಂಡರೋ. ಕೌಂಟರಿನ ಅಂಚು ಕೈಗೆ ಸಿಕ್ಕ ಕೂಡಲೇ ನಿಂತರು, ಎಲ್ಲಿದ್ದೀರಿ ಎಂದು ಯಾರೂ ಹೇಳಬೇಕಾಗಲಿಲ್ಲ. ಸಣ್ಣಮ್ಮ ಇದಾಳಾ ಎಂದರು. ಇದೀನಿ ಮಾವ. ಚೆನ್ನಾಗಿದೀಯಾ? ಹೂಂ ಮಾವ. ಇನ್ನೇನಾದರೂ ಕೇಳಲಿ, ಬಯ್ಯಲಿ, ನಿನ್ನ ಮನೆ ಹಾಳಾಗ ಅನ್ನಲಿ, ಎಲ್ಲರ ಮುಂದೆ ಕೆನ್ನೆಗೆ ಹೊಡೆಯಲಿ, ನಿಜ ಹೇಳಿಬಿಡಲಿ, ಮಾವ ನಿಜ ಹೇಳಿದರೆ ಮುಗಿಯಿತು, ತಾನು ಹೂಂ ಅಂದರೆ ಸಾಕು, ಹೇಳಿ ಮಾವ, ನಿಮ್ಮ ಕಾಲಿಗೆ ಬೀಳ್ತೀನಿ ಹೇಳಿ — ಬೇಡ, ಹೇಳಬೇಡಿ, ಗುರುವಾರ, ಆ ಬೆರಳುಗಳು —

ಅಜ್ಜಾ, ನೀವು ಇಲ್ಲಿ ಕೆಲಸ ಬಿಟ್ಟಿದ್ದು ಹೋದ ತಿಂಗಳು ಅಂತ ಇವರು ಹೇಳ್ತಿದಾರೆ, ನೀವು ಆರು ವರ್ಷ ಅಂತೀರಿ, ಯಾವುದು ಸರಿ, ಯೋಚಿಸಿ ಹೇಳಿ ಎಂದಳು ಹೆಂಗಸು. ಮಾವ ಯೋಚಿಸಿದರು. ಪೊರೆ ಬಂದ ಕಣ್ಣು ದನಿ ಬಂದ ಕಡೆಗೆಲ್ಲ ತಿರುಗಿತು, ಇವಳ ಕಡೆ, ಹೆಂಗಸಿನ ಕಡೆ, ಇಸ್ತ್ರಿಯವಳು ಉಸಿರು ಬಿಟ್ಟ ಕಡೆ, ಸುಟ್ಟ ಗಾಯದ ಔಷಧಿಯ ವಾಸನೆ ಅವರ ಮೂಗಿಗೆ ತಾಗಿರಬೇಕು, ಯಾರಮ್ಮ ಅದು ಕೈ ಸುಟ್ಟುಕೊಂಡಿರೋದು, ಹಬೆ ಇಸ್ತ್ರಿಗಾ ಎಂದು ಕೇಳಿದರು. ಹೂಂ ತಾತ ಎಂದಳು ಇಸ್ತ್ರಿಯವಳು. ಮೇಲಿನ ಹಲಗೆ ಸ್ಪ್ರಿಂಗು ಸಡಿಲ ಅದು, ನಾನಿದ್ದಾಗಿಂದಲೂ ಸಡಿಲ ಎಂದರು. ಆಮೇಲೆ ಅಧಿಕಾರಿಯ ಕಡೆ ತಿರುಗಿ, ಸಣ್ಣಮ್ಮ ಹೇಳಿದ ಮೇಲೆ ಮುಗೀತು ಮೇಡಂ, ಲೆಕ್ಕ ಅವರಿಗೇ ಗೊತ್ತು, ನನಗೆ ವಯಸ್ಸಾಯ್ತು, ತಿಂಗಳು ಯಾವುದು ವರ್ಷ ಯಾವುದು ನನಗೇನು ತಿಳಿಯುತ್ತೆ, ಅವರು ಏನಂದರೋ ಅದೇ ಬರ್ಕೊಳ್ಳಿ ಎಂದರು, ಮತ್ತು ಮೆಲ್ಲಗೆ ನಕ್ಕರು, ಆವತ್ತು ಸಾಲಿನವರೆಲ್ಲ ನಕ್ಕಾಗ ನಕ್ಕ ಹಾಗೇ. ಹೆಂಗಸು ಪೆನ್ನಿನ ಮುಚ್ಚಳ ತೆಗೆದಳು, ಬರೆಯುವ ಮೊದಲು ಒಮ್ಮೆ ಇವಳ ಮುಖ ನೋಡಿದಳು, ಕಾದಳು, ನಿಜವಾಗಿ ಕಾದಳು, ಈಗ ಹೇಳಬೇಕು, ಈಗ, ಇದೇ ಗಳಿಗೆ, ಸುಳ್ಳು ಮೇಡಂ, ನಾನು ಹೇಳಿದ್ದು ಸುಳ್ಳು, ಶಬ್ದಗಳು ಎಲ್ಲ ಇವೆ, ಗಂಟಲವರೆಗೂ ಬಂದಿವೆ, ಆದರೆ ಅವಳು ನೋಡುತ್ತಿರುವುದು ಕೌಂಟರಿನ ಮೇಲೆ, ಅಲ್ಲಿ ಕಾಗದವಿಲ್ಲ, ಏನೂ ಇಲ್ಲ, ಬರೀ ಸವೆದ ಮರ, ಆದರೂ ಮಾವನ ಅಂಗೈ ಸವರುತ್ತಿದೆ, ಎಡದಿಂದ ಬಲಕ್ಕೆ, ನಿಧಾನವಾಗಿ, ಒಂದು ಸುಕ್ಕೂ ಉಳಿಯದ ಹಾಗೆ, ಬಲದ ಅಂಚಿಗೆ ಬಂತು, ಎತ್ತಿಕೊಂಡಿತು, ಮತ್ತೆ ಎಡಕ್ಕೆ ಹೋಯಿತು, ಅಂಗೈ, ಎಡದಿಂದ ಬಲಕ್ಕೆ, ಅಂಗೈ